ಐಪಿಕೆಎಫ್‌ಗೆ ಹೋಗಿ ಬಂದ ಫೌಜಿ ನಿಮ್ಮನೇಲಿದ್ರೆ ಅವರ ಅನುಭವ ಕೇಳಿ ಬರೆದಿಡೋದು ಹೇಗೆ

1987ರಿಂದ 1990ರ ತನಕ ಶ್ರೀಲಂಕಾದಲ್ಲಿದ್ದ ನಮ್ಮ ಶಾಂತಿಪಾಲನಾ ಪಡೆ, ಅಂದ್ರೆ ಐಪಿಕೆಎಫ್, ಅದ್ರಲ್ಲಿ ಆಗ ಇಪ್ಪತ್ತು ಇಪ್ಪತ್ತೆರಡು ವಯಸ್ಸಿನ ಸಿಪಾಯಿ ಆಗಿದ್ದೋರಿಗೂ ಈಗ ಅರವತ್ತರ ಹತ್ರ ಆಗಿದೆ, ಹವಾಲ್ದಾರ್ ಸುಬೇದಾರ್ ಆಗಿದ್ದೋರು ಎಪ್ಪತ್ತೈದು ದಾಟಿದ್ದಾರೆ, ಎಷ್ಟೋ ಜನ ಹೋಗೇಬಿಟ್ರು. ಕೊಡಗು, ಹಾಸನ, ಬೆಳಗಾವಿ, ಬಾಗಲಕೋಟೆ ಕಡೆ ಹಳ್ಳಿಗಳಲ್ಲಿ ವಿಚಾರಿಸಿದ್ರೆ "ಹೂಂ, ಅವರು ಲಂಕಾಗೆ ಹೋಗಿದ್ರಂತೆ" ಅಂತಾರೆ, ಅಷ್ಟೇ, ಅದಕ್ಕಿಂತ ಮುಂದೆ ಯಾರಿಗೂ ಗೊತ್ತಿಲ್ಲ. ಕಾರ್ಗಿಲ್‌ಗೆ ಹೋದೋರನ್ನ ಜನವರಿ 26ಕ್ಕೆ ಸ್ಕೂಲಿಗೆ ಕರೆಸಿ ಶಾಲು ಹೊದಿಸ್ತಾರೆ, ಬಹಳ ಒಳ್ಳೇದು, ಆದ್ರೆ ಲಂಕಾದಲ್ಲಿ ಸುಮಾರು 1,200 ಜನ ನಮ್ಮ ಸೈನಿಕರು ಸತ್ರು, ಅದನ್ನ ಮಕ್ಕಳಿಗೆ ಯಾರೂ ಹೇಳ್ಕೊಡಲ್ಲ. ಜನರಲ್‌ಗಳು, ರಾಯಭಾರಿಗಳು ತಮ್ಮ ಕಡೆ ಮಾತು ಬರೆದಿಟ್ಟಿದ್ದಾರೆ. ರಸ್ತೇಲಿ ಮುಂದೆ ನಡೆದವನ ಮಾತು ಮನೇಲೇ ಉಳಿದಿದೆ, ಅದನ್ನ ಬರ್ಕೊಳ್ಳೋರು ನೀವೇ ಆಗ್ಬೇಕು, ಬೇರೆ ಯಾರೂ ಬರಲ್ಲ.

ನಮ್ಮ ದೊಡ್ಡಪ್ಪ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ರು, ಅಂದ್ರೆ ಸೈನ್ಯದ ಇಂಜಿನಿಯರ್ ಪಡೆ, ಬೆಂಗಳೂರು ಹಲಸೂರಿನ ಎಂಇಜಿ. ಅವರ ಹತ್ರ ಕೂತು ರೆಕಾರ್ಡ್ ಮಾಡ್ತಾ ನಾನು ಕಲ್ತಿದ್ದನ್ನ ಇಲ್ಲಿ ಹೇಳ್ತಿದ್ದೀನಿ. ನಿಮ್ಮ ಅಪ್ಪ, ಮಾವ, ಪಕ್ಕದ್ಮನೆ ತಾತ, ಯಾರಾದ್ರೂ ಸರಿ, ಇದೇ ರೀತಿ ಮಾಡ್ಬಹುದು.

ಮೊದಲು ನೀವು ಸ್ವಲ್ಪ ಓದ್ಕೊಂಡು ಹೋಗಿ. ಏನೂ ಗೊತ್ತಿಲ್ದೆ ಹೋಗಿ "ಅಲ್ಲಿ ಏನಾಯ್ತು ಹೇಳಿ" ಅಂತ ಕೇಳಿದ್ರೆ ಅವರು ಎರಡೇ ವಾಕ್ಯದಲ್ಲಿ ಮುಗಿಸ್ತಾರೆ, ಯಾಕಂದ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತ ಅವರಿಗೂ ತೋಚಲ್ಲ. ಇಷ್ಟು ತಲೇಲಿದ್ರೆ ಸಾಕು: 1983ರ ಜುಲೈ ಗಲಭೆ ಆದ್ಮೇಲೆ ಅಲ್ಲಿ ತಮಿಳು ಸಂಘಟನೆಗಳಿಗೂ ಸರ್ಕಾರಕ್ಕೂ ಅಂತರ್ಯುದ್ಧ ಜೋರಾಯ್ತು, 1987ರ ಜೂನ್ 4ಕ್ಕೆ ನಮ್ಮ ಏರ್‌ಫೋರ್ಸ್ ಜಾಫ್ನಾ ಮೇಲೆ ವಿಮಾನದಿಂದ ಪರಿಹಾರ ಸಾಮಾನು ಇಳಿಸ್ತು (ಆ ಎಎನ್-32 ವಿಮಾನಗಳು ಹೊರಟಿದ್ದು ನಮ್ಮ ಬೆಂಗಳೂರಿಂದ್ಲೇ), ಜುಲೈ 29ಕ್ಕೆ ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತೆ ಲಂಕಾ ಅಧ್ಯಕ್ಷ ಜಯವರ್ಧನೆ ಶಾಂತಿ ಒಪ್ಪಂದಕ್ಕೆ ಸೈನ್ ಹಾಕಿದ್ರು, ಮಾರನೇ ದಿನದಿಂದ್ಲೇ ನಮ್ಮೋರು ಪಲಾಲಿ ಏರ್‌ಫೀಲ್ಡ್‌ನಲ್ಲಿ ಇಳಿಯೋಕೆ ಶುರುವಾಯ್ತು. ಆಗಸ್ಟ್‌ನಲ್ಲಿ ಜಾಫ್ನಾ ಜನ ಹಾರ ಹಾಕಿ ಬರಮಾಡ್ಕೊಂಡ್ರು. ಸೆಪ್ಟೆಂಬರ್ 26ಕ್ಕೆ ನಲ್ಲೂರಿನಲ್ಲಿ ನೀರೂ ಕುಡೀದೆ ಉಪವಾಸ ಕೂತಿದ್ದ ಎಲ್‌ಟಿಟಿಇಯ (ತಮಿಳು ಟೈಗರ್‌ಗಳ) ತಿಲೀಪನ್ ಸತ್ತ, ಅಕ್ಟೋಬರ್ ಮೊದಲ ವಾರ ಲಂಕಾ ನೇವಿ ಕೈಗೆ ಸಿಕ್ಕಿದ್ದ ಎಲ್‌ಟಿಟಿಇಯವರಲ್ಲಿ ಹನ್ನೆರಡು ಜನ ಸಯನೈಡ್ ಕಚ್ಚಿ ಸತ್ರು, ಅಲ್ಲಿಗೆ ಎಲ್ಲಾ ಹದಗೆಟ್ಟೋಯ್ತು. ಅಕ್ಟೋಬರ್ ಎರಡನೇ ವಾರ ಆಪರೇಷನ್ ಪವನ್, ಅಂದ್ರೆ ಜಾಫ್ನಾವನ್ನ ಎಲ್‌ಟಿಟಿಇ ಕೈಯಿಂದ ಬಿಡಿಸೋಕೆ ನಮ್ಮ ಸೈನ್ಯದ ಕಾರ್ಯಾಚರಣೆ. ಜಗಳ ಬಿಡಿಸೋಕೆ ಹೋದೋರೇ ಜಗಳದೊಳಗೆ ಬಿದ್ರು, ಅದೂ ಹಿಂದೆ ನಮ್ಮ ಸರ್ಕಾರವೇ ಟ್ರೇನಿಂಗ್ ಕೊಟ್ಟಿದ್ದ ಹುಡುಗರ ಜೊತೆ.

ಅವರ ಯೂನಿಟ್ ಎಲ್ಲಿತ್ತು ಅನ್ನೋದನ್ನ ಮೊದ್ಲು ತಿಳ್ಕೊಳ್ಳಿ, ಯಾಕಂದ್ರೆ ಅನುಭವ ಪೂರ್ತಿ ಬೇರೆ ಬೇರೆ. ಜಾಫ್ನಾ ಕಡೆ 54ನೇ ಡಿವಿಷನ್, ವವುನಿಯಾ ಕಡೆ 4ನೇ ಡಿವಿಷನ್, ಟ್ರಿಂಕೋಮಲಿ 36, ಬಟ್ಟಿಕಲೋವಾ 57. ಜಾಫ್ನಾದಲ್ಲಿದ್ದೋರ ಕಥೆ ಓಣಿ, ಬೇಲಿ, ಮನೆಗಳ ಕಥೆ. ಮುಲ್ಲೈತೀವು ಕಡೆ ಇದ್ದೋರದ್ದು ಕಾಡಿನ ಕಥೆ, ನೀರಿನ ಕಥೆ. ಫೌಜಿಗಳು ಊರಿನ ಹೆಸರನ್ನ ಅವರದೇ ರೀತೀಲಿ ಹೇಳ್ತಾರೆ, ಟ್ರಿಂಕೋ, ಬಟ್ಟಿ, ಕೆಕೆಎಸ್ (ಅದು ಕಾಂಕೇಸಂತುರೈ ಬಂದರು), ಒಂದು ಮ್ಯಾಪ್ ಪ್ರಿಂಟ್ ತೆಗೆಸ್ಕೊಂಡು ಹೋಗಿ ಪಕ್ಕದಲ್ಲಿಟ್ಟುಕೊಳ್ಳಿ.

ಆಮೇಲೆ ಟ್ರಂಕ್ ತೆಗೆಸಿ. ಪ್ರತಿಯೊಬ್ಬ ಫೌಜಿ ಮನೇಲೂ ಕರೀ ಬಣ್ಣದ ಟ್ರಂಕ್ ಒಂದಿರುತ್ತೆ, ಅದ್ರಲ್ಲಿ ಡಿಸ್ಚಾರ್ಜ್ ಬುಕ್ ಇರುತ್ತೆ, ಸೇವೆಯ ತಾರೀಕುಗಳು, ಮೆಡಲ್‌ಗಳು ಅದ್ರಲ್ಲಿ ಎಂಟ್ರಿ ಆಗಿರುತ್ತೆ. ಮೆಡಲ್‌ಗಳಿದ್ರೆ ಅಂಚು ತಿರುಗಿಸಿ ನೋಡಿ, ನಂಬರ್ ಹೆಸರು ಕೊರೆದಿರ್ತಾರೆ. ಇನ್‌ಲ್ಯಾಂಡ್ ಲೆಟರ್ ಇದ್ರೆ ಬಂಗಾರ ಸಿಕ್ಕಂಗೆ, ಅಡ್ರೆಸ್‌ನಲ್ಲಿ 56 ಎಪಿಓ (ಸೈನ್ಯದ ಪೋಸ್ಟ್ ಆಫೀಸ್) ಅಂತ ಮಾತ್ರ ಇರುತ್ತೆ, ಎಲ್ಲಿಂದ ಬರೆದಿದ್ದು ಅಂತ ಇರಲ್ಲ, ಆದ್ರೆ ಪೋಸ್ಟ್ ಸೀಲಿನ ತಾರೀಕು ಓದೋ ಹಾಗಿದ್ರೆ ಅದೇ ದೊಡ್ಡ ಸಾಕ್ಷಿ. ಎಲ್ಲದನ್ನೂ ಹಗಲು ಬೆಳಕಲ್ಲಿ, ಫ್ಲ್ಯಾಶ್ ಹಾಕ್ದೆ, ಎರಡೂ ಕಡೆ ಫೋಟೋ ತೆಗೀರಿ. ಫೋಟೋ ಹಿಂದೆ ಏನಾದ್ರೂ ಬರೆದಿದ್ಯಾ ನೋಡಿ. ಲ್ಯಾಮಿನೇಷನ್ ಮಾತ್ರ ಮಾಡಿಸ್ಬೇಡಿ, ಹಳೇ ಕಾಗದ ಹಾಳಾಗುತ್ತೆ.

ಕೂರೋ ವಿಷಯ. ಹಬ್ಬದ ದಿನ ಮನೆ ತುಂಬ ನೆಂಟರಿರುವಾಗ ಕೇಳ್ಬೇಡಿ, ಎರಡು ಪೆಗ್ ಹಾಕಿದ್ಮೇಲೆ ಕೇಳೋಣ ಅನ್ನೋ ಐಡಿಯಾನೂ ಬೇಡ, ಆಗ ಮಾತು ಬರುತ್ತೆ ನಿಜ ಆದ್ರೆ ಮಾರನೇ ದಿನ ಅವರಿಗೆ ಸಂಕಟ ಆಗುತ್ತೆ, ಮತ್ತೆ ಬಾಯೇ ಬಿಡಲ್ಲ. ಬೆಳಿಗ್ಗೆ ತಿಂಡಿ ಕಾಫಿ ಆದ್ಮೇಲೆ ಒಳ್ಳೇ ಟೈಮು. ಚಿಕ್ಕ ಮಕ್ಕಳು ಅಲ್ಲಿರ್ಬಾರ್ದು. ಫೋನ್ ರೆಕಾರ್ಡಿಂಗ್ ಆನ್ ಮಾಡೋಕ್ ಮುಂಚೆ ಕೇಳಿ, "ದೊಡ್ಡಪ್ಪ, ಇದನ್ನ ರೆಕಾರ್ಡ್ ಮಾಡ್ಕೊಳ್ತೀನಿ, ಬೇಡ ಅಂದ್ರೆ ಆಫ್ ಮಾಡ್ತೀನಿ" ಅಂತ, ಮತ್ತೆ ಅವರು ಬೇಡ ಅಂದಾಗ ನಿಜವಾಗ್ಲೂ ಆಫ್ ಮಾಡಿ ಫೋನನ್ನ ಬೋರಲು ಹಾಕಿ. ಫ್ಯಾನ್ ಆರಿಸಿ, ಸೌಂಡ್ ಕೆಡುತ್ತೆ. ಒಂದೂವರೆ ಗಂಟೆ ಮೇಲೆ ಎಳೀಬೇಡಿ.

ಈಗ ಮುಖ್ಯವಾದ್ದು, ಏನು ಕೇಳ್ಬೇಕು. "ಎಷ್ಟು ಜನರನ್ನ ಹೊಡೆದ್ರಿ" ಅಂತ ದಯವಿಟ್ಟು ಕೇಳ್ಬೇಡಿ. ಹುಡುಗರು ಮೊದಲು ಕೇಳೋದೇ ಇದು, ಸಿನಿಮಾ ನೋಡಿ ನೋಡಿ. ಗೆರಿಲ್ಲಾ ಯುದ್ಧದಲ್ಲಿ ಸಾಮಾನ್ಯ ಸಿಪಾಯಿಗೆ ಶತ್ರು ಕಾಣೋದೇ ಅಪರೂಪ, ಅವನು ಗುಂಡು ಹೊಡೆದಿದ್ದು ಒಂದು ಬೇಲಿ ಕಡೆಗೆ, ಒಂದು ತಾಳೆ ಮರದ ಕಡೆಗೆ, ಕತ್ತಲ ಕಡೆಗೆ, ಯಾರಿಗೆ ತಗುಲ್ತು ಅಂತ ಅವನಿಗೇ ಗೊತ್ತಿರಲ್ಲ. ಆ ಪ್ರಶ್ನೆ ಕೇಳಿದ್ರೆ ಒಂದೋ ಸುಮ್ನಾಗ್ತಾರೆ, ಇಲ್ಲಾ ನಿಮ್ಗೆ ಬೇಕಾದ ಕಥೆ ಹೇಳಿ ಕಳಿಸ್ತಾರೆ. ಎರಡ್ರಲ್ಲೂ ನಿಜ ಸಿಗಲ್ಲ.

ಮೈಗೆ ಸಂಬಂಧಪಟ್ಟಿದ್ದನ್ನ ಕೇಳಿ. ಬೆನ್ನ ಮೇಲೆ ಏನೇನ್ ಹೊರ್ತಿದ್ರಿ, ಬೂಟು ಎಷ್ಟು ದಿನ ಬಿಚ್ಚಿರ್ಲಿಲ್ಲ, ನೀರು ಎಲ್ಲಿಂದ, ಬಾವಿ ನೀರು ಕುಡಿಯೋಕೆ ಭಯ ಆಗ್ತಿತ್ತಾ, ರಾತ್ರಿ ಸಂತ್ರಿ ಡ್ಯೂಟೀಲಿ ನಿದ್ದೆ ತಡೆಯೋಕೆ ಏನ್ ಮಾಡ್ತಿದ್ರಿ, ನಾಯಿ ಬೊಗಳಿದ್ರೆ ಏನ್ ಅನ್ಕೋತಿದ್ರಿ. ಊಟದ ಬಗ್ಗೆ ಕೇಳಿದ್ರಂತೂ ಎಲ್ರೂ ಬಾಯಿ ಬಿಡ್ತಾರೆ, ಲಂಗರ್‌ನಿಂದ (ಸೈನ್ಯದ ಅಡುಗೆಮನೆ) ಪಿಕೆಟ್‌ಗೆ (ಕಾವಲು ಠಾಣೆ) ಊಟ ಹೇಗೆ ಬರ್ತಿತ್ತು, ರಸ್ತೆ ಬಂದ್ ಆದಾಗ ಶಕ್ಕರ್‌ಪಾರಾ ತಿಂದ್ಕೊಂಡು ಎಷ್ಟು ದಿನ ಕಳೆದ್ರಿ, ಅಲ್ಲಿಂದ ಮೆಲ್ಲಗೆ ಎಲ್ಲಾ ಬರುತ್ತೆ. ರೈಫಲ್ ಬಗ್ಗೆ ಕೇಳಿ. ನಮ್ಮೋರ ಕೈಲಿದ್ದಿದ್ದು ಎಸ್‌ಎಲ್‌ಆರ್, ಉದ್ದ, ಭಾರ, ಇಪ್ಪತ್ತು ಗುಂಡಿನ ಮ್ಯಾಗಜಿನ್, ಒಂದು ಸಲ ಒತ್ತಿದ್ರೆ ಒಂದೇ ಗುಂಡು. ಎದುರಿನ ಹುಡುಗನ ಹತ್ರ ಎಕೆ-47, ಮೂವತ್ತು ಗುಂಡು, ಹಿಡಿದು ಒತ್ತಿದ್ರೆ ಪೂರ್ತಿ ಹೋಗುತ್ತೆ. ಓಣೀಲಿ ಹತ್ತು ಹೆಜ್ಜೆ ದೂರದಲ್ಲಿ ಇದು ಏನು ಅನ್ನೋದನ್ನ ಅವರ ಬಾಯಲ್ಲೇ ಕೇಳಿ, ಯಾವ ಪುಸ್ತಕಕ್ಕಿಂತ ಚೆನ್ನಾಗಿ ಹೇಳ್ತಾರೆ.

ರಸ್ತೆ ಬಗ್ಗೆ ಬೇರೆಯಾಗಿ ಒಂದು ದಿನ ಇಡಿ. ಲಂಕಾದಲ್ಲಿ ನಮ್ಮೋರಿಗೆ ತುಂಬಾ ಪೆಟ್ಟು ಕೊಟ್ಟಿದ್ದು ರಸ್ತೆಯ ಕೆಳಗೆ ಹೂತಿಟ್ಟ ಮೈನ್‌ಗಳು, ಅದಕ್ಕೇ ಪ್ರತಿ ದಿನ ಕಾನ್ವಾಯ್ ಹೊರಡೋಕ್ ಮುಂಚೆ ರೋಡ್ ಓಪನಿಂಗ್ ಪಾರ್ಟಿ ನಡ್ಕೊಂಡು ಹೋಗ್ಬೇಕಿತ್ತು, ಫೌಜಿಗಳು ಆರ್‌ಓಪಿ ಅಂತಾರೆ. ನಮ್ಮ ದೊಡ್ಡಪ್ಪನ ಕೆಲಸವೇ ಅದು. ಅವರು ಹೇಳೋದು ಹೀಗೆ, ಬೆಳಿಗ್ಗೆ ಬೆಳಕು ಹರೀತಿದ್ದಂಗೆ ಹೊರಡೋದು, ಇಬ್ಬರು ರಸ್ತೆ ಮೇಲೆ ಡಿಟೆಕ್ಟರ್ ಹಿಡ್ಕೊಂಡು, ಉಳಿದೋರು ಎರಡೂ ಅಂಚಲ್ಲಿ ವೈರ್ ಹುಡುಕ್ತಾ, ಯಾಕಂದ್ರೆ ಮೈನ್ ಕಾಣದಿದ್ರೂ ವೈರ್ ಎಲ್ಲೋ ಒಂದ್ಕಡೆ ಹುಲ್ಲಲ್ಲಿ ಕಾಣುತ್ತೆ, ಆ ವೈರಿನ ಇನ್ನೊಂದು ತುದೀಲಿ ತಾಳೆ ತೋಪಿನೊಳಗೆ ಒಬ್ಬ ಕೂತು ನಿಮ್ಮನ್ನೇ ನೋಡ್ತಿರ್ತಾನೆ, ಅವನಿಗೆ ನಡ್ಕೊಂಡು ಹೋಗೋ ನೀವು ಬೇಡ, ಹಿಂದೆ ಬರೋ ಗಾಡಿ ಬೇಕು, ಅದು ನಿಮಗೆ ಗೊತ್ತು, ಗೊತ್ತಿದ್ರೂ ಮೋರಿ ಹತ್ರ ಬಂದಾಗ ಕಾಲು ತಾನಾಗೇ ನಿಧಾನ ಆಗುತ್ತೆ. ಮೋರಿ ಬಂದ್ರೆ ಹೊಟ್ಟೆ ಮೇಲೆ ಮಲಗಿ ಪ್ರಾಡರ್ (ನೆಲ ಚುಚ್ಚಿ ನೋಡೋ ಸಲಾಕೆ) ಇಂದ ಓರೆಯಾಗಿ ಚುಚ್ಚಿ ಚುಚ್ಚಿ ನೋಡೋದು. ನಿನ್ನೆ ನೋಡಿದ ಮೋರಿಯನ್ನೇ ಇವತ್ತೂ ನೋಡ್ಬೇಕು, ನಾಳೇನೂ. ಇಷ್ಟನ್ನ ಹೇಳುವಾಗ ದೊಡ್ಡಪ್ಪ ಒಂದು ಸಲಾನೂ "ಯುದ್ಧ" ಅನ್ನಲಿಲ್ಲ, "ಕೆಲಸ" ಅಂದ್ರು. ಈ ಥರ ಮಾತನ್ನ ನೀವು ಬರೆಯುವಾಗ ಯುದ್ಧ ಅಂತ ತಿದ್ದಬಾರದು.

ಬಾಯಿ ಮಾತು ನಿಂತ್ಹೋದಾಗ ಪೇಪರ್ ಪೆನ್ಸಿಲ್ ಕೊಡಿ, "ನಿಮ್ಮ ಪಿಕೆಟ್ ಹೇಗಿತ್ತು, ಬರೆದು ತೋರ್ಸಿ" ಅನ್ನಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಉಪಯೋಗದ ವಿಷಯ ಇದು. ದೊಡ್ಡಪ್ಪ ಮೊದಲು ಒಂದು ಗೆರೆ ಎಳೆದ್ರು, ರಸ್ತೆ. ಆಮೇಲೆ ಮರಳಿನ ಮೂಟೆಯ ಮೋರ್ಚಾ, ಎಲ್‌ಎಂಜಿ (ಲೈಟ್ ಮಷಿನ್ ಗನ್) ಯಾವ ಕಡೆ ಮುಖ ಮಾಡಿತ್ತು, ಬಾವಿ, ಬಾಳೆ ತೋಟ, ದೇವಸ್ಥಾನ. ಆಮೇಲೆ ಮನೆಗಳ ಸುತ್ತ ಗೀಟು ಗೀಟು ಹಾಕೋಕೆ ಶುರು ಮಾಡಿದ್ರು, ಏನಿದು ಅಂದ್ರೆ ಬೇಲಿ. ಜಾಫ್ನಾದಲ್ಲಿ ಮನೆ ಮನೆಗೂ ಗರಿ ಹೆಣೆದ ಎತ್ತರದ ಬೇಲಿ, ಎರಡು ಬೇಲಿ ಮಧ್ಯ ಸಂದಿಯಂಥ ಓಣಿ, ಸೆಕ್ಷನ್ (ಸೈನಿಕರ ಚಿಕ್ಕ ತಂಡ) ಆ ಓಣೀಲಿ ಹೋಗುವಾಗ ಒಳಗಿಂದ ಮಕ್ಕಳ ಮಾತು, ಪಾತ್ರೆ ಸದ್ದು ಕೇಳುತ್ತೆ, ಕಣ್ಣಿಗೆ ಏನೂ ಕಾಣಲ್ಲ, ಒಳಗಿರೋರಿಗೆ ಗರಿ ಸಂದೀಲಿ ನಿಮ್ಮ ಬೂಟು ಕಾಣುತ್ತೆ. ಅಷ್ಟು ದಿನ ಕೇಳಿದ್ರೂ ಬರದೇ ಇದ್ದ ಈ ಬೇಲಿ ವಿಷಯ ಪೆನ್ಸಿಲ್ ಹಿಡಿದ ತಕ್ಷಣ ಬಂತು. ಆ ಚಿತ್ರಕ್ಕೆ ಅವರ ಕೈಲೇ ತಾರೀಕು ಹಾಕಿಸಿ ಇಟ್ಕೊಳ್ಳಿ.

ತಾರೀಕು ಕೇಳಿದ್ರೆ ಯಾರಿಗೂ ನೆನಪಿರಲ್ಲ, ಅದಕ್ಕೆ ಬೇರೆ ದಾರಿ ಇದೆ. ಆಗ ನಡೆದ ಬೇರೆ ಸಂಗತಿಗಳನ್ನ ಹಿಡ್ಕೊಂಡು ಕೇಳಿ. ರಿಲಯನ್ಸ್ ಕಪ್ (ಆಗಿನ ಕ್ರಿಕೆಟ್ ವರ್ಲ್ಡ್ ಕಪ್) ನೆನಪಿದ್ಯಾ ಅಂತ ಕೇಳಿ, 1987ರ ಅಕ್ಟೋಬರ್ 9ಕ್ಕೆ ಮದ್ರಾಸ್‌ನಲ್ಲಿ ನಾವು ಆಸ್ಟ್ರೇಲಿಯಾ ಮೇಲೆ ಒಂದೇ ರನ್ನಿಂದ ಸೋತ್ವಿ, ಅದರ ಬೆನ್ನಿಗೇ ಜಾಫ್ನಾದಲ್ಲಿ ಹೊಡೆದಾಟ ಶುರು. ಆ ವರ್ಷದ ದೀಪಾವಳಿ ಅಕ್ಟೋಬರ್ ಮೂರನೇ ವಾರ, ಜಾಫ್ನಾ ಪಟ್ಟಣದ ಕಾಳಗದ ಮಧ್ಯದಲ್ಲೇ ಬಂತು. ಎಂಜಿಆರ್ ತೀರ್ಕೊಂಡಿದ್ದು ಡಿಸೆಂಬರ್ 24. ರಜೆಗೆ ಊರಿಗೆ ಬಂದಾಗ ಟಿವೀಲಿ ರಾಮಾಯಣ ಬರ್ತಿತ್ತಾ ಮಹಾಭಾರತ ಬರ್ತಿತ್ತಾ ಅಂತ ಕೇಳಿ, ಮಹಾಭಾರತ ಅಂದ್ರೆ 1988ರ ಅಕ್ಟೋಬರ್ ಆದ್ಮೇಲೆ. ಹೆಗಡೆ ಮುಖ್ಯಮಂತ್ರಿಯಾ ಬೊಮ್ಮಾಯಿಯಾ ಅಂತ ಕೇಳಿದ್ರೆ 1988ರ ಆಗಸ್ಟ್ ಮುಂಚೆಯೋ ಆಮೇಲೋ ಗೊತ್ತಾಗುತ್ತೆ. ಹೀಗೆ ಹಿಡಿದು ಹಿಡಿದು ಜೋಡಿಸಿ, ಆಮೇಲೆ ಡಿಸ್ಚಾರ್ಜ್ ಬುಕ್ ಜೊತೆ ಹೋಲಿಸಿ. ಎರಡಕ್ಕೂ ತಾಳೆ ಆಗದಿದ್ರೆ ಅವರ ಜೊತೆ ವಾದ ಮಾಡ್ಬೇಡಿ, ಎರಡನ್ನೂ ಬರ್ಕೊಳ್ಳಿ.

ಮತ್ತೆ ಒಂದು ಎಚ್ಚರ. ಜಾಫ್ನಾ ಯೂನಿವರ್ಸಿಟಿ ಮೇಲೆ ಹೆಲಿಕಾಪ್ಟರ್‌ನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ ಮೂವತ್ತು ಜನರಲ್ಲಿ ಇಪ್ಪತ್ತೊಂಬತ್ತು ಜನ ಸತ್ತಿದ್ದು, ಒಬ್ಬ ಸೆರೆ ಸಿಕ್ಕಿದ್ದು, ಮೇಜರ್ ರಾಮಸ್ವಾಮಿ ಪರಮೇಶ್ವರನ್ ಎದೆಗೆ ಗುಂಡು ಬಿದ್ರೂ ಹೊಡೆದವನ ರೈಫಲ್ ಕಿತ್ಕೊಂಡು ಹೋರಾಡಿ ಸತ್ತು ಪರಮವೀರ ಚಕ್ರ ಪಡೆದಿದ್ದು (1987ರ ನವೆಂಬರ್ 25), ಈ ಎರಡು ಸಂಗತಿ ಅಲ್ಲಿದ್ದ ಪ್ರತಿಯೊಬ್ಬ ಫೌಜಿ ಬಾಯಲ್ಲೂ ಬರುತ್ತೆ. "ಇದು ನೀವು ಕಂಡಿದ್ದಾ ಕೇಳಿದ್ದಾ" ಅಂತ ಮೆಲ್ಲಗೆ ಕೇಳಿ ಬರೆಯುವಾಗ ಬೇರೆ ಬೇರೆ ಮಾಡಿ. ಕೇಳಿದ್ದಕ್ಕೂ ಬೆಲೆ ಇದೆ, ಆ ಸುದ್ದಿ ಪಿಕೆಟ್‌ಗೆ ಹೇಗೆ ಬಂತು, ಬಂದ ರಾತ್ರಿ ಯಾರು ಏನಂದ್ರು ಅನ್ನೋದು ಅವರದೇ ಸ್ವಂತ ಅನುಭವ.

ಕಷ್ಟದ ಭಾಗಕ್ಕೆ ಬರ್ತೀನಿ. ಅಲ್ಲಿ ಊರಿನ ಜನ ಸತ್ರು, ನಮ್ಮೋರ ಕೈಯಿಂದ್ಲೂ ಸತ್ರು. 1987ರ ಅಕ್ಟೋಬರ್ 21, 22ಕ್ಕೆ ಜಾಫ್ನಾ ಆಸ್ಪತ್ರೆಯೊಳಗೆ ಡಾಕ್ಟರು, ನರ್ಸು, ರೋಗಿಗಳು ಸೇರಿ ಅರವತ್ತಕ್ಕೂ ಹೆಚ್ಚು ಜನ ಸತ್ರು, 1989ರ ಆಗಸ್ಟ್‌ನಲ್ಲಿ ವಲ್ವೆಟ್ಟಿತುರೈನಲ್ಲಿ ಹಾಗೇ, ಹೆಣ್ಮಕ್ಕಳ ಮೇಲೆ ಅತ್ಯಾಚಾರದ ಆರೋಪಗಳೂ ಇವೆ. ಯೂನಿಫಾರ್ಮ್ ಹಾಕಿದ ಸೈನಿಕನಿಗೆ ಲುಂಗಿ ಉಟ್ಟ ಪ್ರತಿ ಹುಡುಗನೂ ಶತ್ರು ಥರ ಕಾಣೋಕೆ ಶುರುವಾದಾಗ ಏನಾಗುತ್ತೆ ಅನ್ನೋದೇ ಗೆರಿಲ್ಲಾ ಯುದ್ಧದ ಅತಿ ಕೆಟ್ಟ ಭಾಗ, ಇದನ್ನ ಬಿಟ್ಟು ಬರೆದ್ರೆ ಅದು ಅರ್ಧ ಸತ್ಯ. ನೇರವಾಗಿ "ನೀವು ಹಾಗೆ ಮಾಡಿದ್ರಾ" ಅಂತ ಎರಗ್ಬೇಡಿ. "ಯಾರು ಎಲ್‌ಟಿಟಿಇ ಹುಡುಗರು ಯಾರು ಊರೋರು ಅಂತ ಹೇಗೆ ಗೊತ್ತಾಗ್ತಿತ್ತು" ಅಂತ ಕೇಳಿ ಸುಮ್ನೆ ಕೂತ್ಕೊಳ್ಳಿ. ತಮಿಳು ಬರ್ತಿದ್ದ ಕನ್ನಡದ ಹುಡುಗರಿಗೆ ಈ ಪ್ರಶ್ನೆ ಇನ್ನೂ ಹತ್ತಿರ, ಮನೆ ಸರ್ಚ್ ಮಾಡುವಾಗ ದುಭಾಷಿ ಥರ ಮುಂದೆ ಕಳಿಸ್ತಿದ್ರು ಅಂತಾರೆ ದೊಡ್ಡಪ್ಪ, ಬೇರೆಯೋರಿಗೆ ಬರೀ ಕೂಗಾಟ ಕೇಳಿದ್ರೆ ಇವರಿಗೆ ಆ ತಾಯಿ ಏನಂತ ಬೈತಿದ್ದಾಳೆ ಅಂತ ಅರ್ಥ ಆಗ್ತಿತ್ತು.

ಅವರು ಏನಾದ್ರೂ ಭಾರವಾದ್ದನ್ನ ಹೇಳಿದ್ರೆ "ಅಯ್ಯೋ ಬಿಡಿ, ಯುದ್ಧದಲ್ಲಿ ಅದೆಲ್ಲ ಇದ್ದಿದ್ದೇ" ಅಂತ ಸಮಾಧಾನ ಹೇಳೋಕೆ ಹೋಗ್ಬೇಡಿ, ಮುಖ ಸಿಂಡರಿಸ್ಲೂ ಬೇಡಿ. ಕೇಳಿ, ಅಷ್ಟೇ. ಬರೆಯುವಾಗ ಅದನ್ನ ತೆಳ್ಳಗೆ ಮಾಡೋದೂ ಬೇಡ. ಜೊತೆಗೆ ಜಾಫ್ನಾ ಜನರು ಬರೆದಿರೋದನ್ನೂ ಓದಿ. ರಜನಿ ತಿರಣಗಾಮ ಅಂತ ಜಾಫ್ನಾ ಯೂನಿವರ್ಸಿಟೀಲಿ ಅನಾಟಮಿ ಪಾಠ ಮಾಡ್ತಿದ್ದ ಡಾಕ್ಟರ್ ಇದ್ರು, ಸಾಮಾನ್ಯ ಜನರ ಅನುಭವ ಕೇಳಿ ನಮ್ಮ ಸೈನ್ಯದ ತಪ್ಪನ್ನೂ ಟೈಗರ್‌ಗಳ ತಪ್ಪನ್ನೂ ಒಂದೇ ಧೈರ್ಯದಲ್ಲಿ ಬರೆದಿಟ್ರು, 1989ರ ಸೆಪ್ಟೆಂಬರ್ 21ಕ್ಕೆ ಅವರನ್ನ ಗುಂಡಿಟ್ಟು ಕೊಂದ್ರು. ಈ ಕೆಲಸ ಮಾಡೋ ಯಾರಿಗಾದ್ರೂ ಅವರ ಹೆಸರು ಗೊತ್ತಿರ್ಬೇಕು ಅಂತ ನನ್ನ ಆಸೆ.

ಮಾತಾಡ್ತಾ ಅವರ ಉಸಿರು ಜೋರಾದ್ರೆ, ಕೈ ನಡುಗಿದ್ರೆ, ಒಂದೇ ವಾಕ್ಯ ಮತ್ತೆ ಮತ್ತೆ ಬಂದ್ರೆ ಅಲ್ಲಿಗೆ ನಿಲ್ಲಿಸಿ. ತಕ್ಷಣ ಎದ್ದು ಹೋಗ್ಬೇಡಿ, ಕಾಫಿ ಮಾಡಿ, ತೋಟದ ಕಡೆ ಕರ್ಕೊಂಡು ಹೋಗಿ. ಆ ರಾತ್ರಿ ಅವರು ನಿದ್ದೆ ಮಾಡಿದ್ರಾ ಅಂತ ಮನೆಯೋರನ್ನ ವಿಚಾರಿಸಿ. ದಿನಗಟ್ಟಲೆ ನಿದ್ದೆ ಇಲ್ಲ, ಹಳೇದೆಲ್ಲ ಕಣ್ಮುಂದೆ ಬರ್ತಿದೆ ಅಂದ್ರೆ ಟೆಲಿ ಮಾನಸ್‌ಗೆ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) ಫೋನ್ ಮಾಡಬಹುದು, ನಂಬರ್ 14416, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ರೆಕಾರ್ಡಿಂಗ್ ಪೂರ್ತಿ ಆಗದಿದ್ರೂ ಪರವಾಗಿಲ್ಲ, ಮನುಷ್ಯ ಮುಖ್ಯ.

ವಾಪಸ್ ಬಂದಿದ್ದನ್ನ ಮರೀದೆ ಕೇಳಿ, ಬಹಳ ಜನ ಯುದ್ಧ ಮುಗೀತು ಅಂತ ಅಲ್ಲಿಗೇ ನಿಲ್ಲಿಸ್ತಾರೆ. ಲಂಕಾದಲ್ಲಿ ಪ್ರೇಮದಾಸ ಅಧ್ಯಕ್ಷ ಆದ್ಮೇಲೆ ಹೊರಡಿ ಅಂದ್ರು, ಇಲ್ಲಿ ಸರ್ಕಾರ ಬದಲಾಯ್ತು, 1990ರ ಮಾರ್ಚ್ 24ಕ್ಕೆ ಕೊನೇ ತುಕಡಿ ಟ್ರಿಂಕೋಮಲಿಯಿಂದ ಹೊರಡ್ತು, ಮದ್ರಾಸ್‌ಗೆ ಬಂದಿಳಿದಾಗ ಬರಮಾಡ್ಕೊಳ್ಳೋಕೆ ಅಲ್ಲಿನ ಮುಖ್ಯಮಂತ್ರಿ ಕರುಣಾನಿಧಿ ಹೋಗ್ಲಿಲ್ಲ. ಬಂದೋರಿಗೆ ಹೇಗನ್ನಿಸ್ತು? ಊರಲ್ಲಿ ಯಾರಾದ್ರೂ ಏನಾದ್ರೂ ಕೇಳಿದ್ರಾ? ಪಟಾಕಿ ಸದ್ದಿಗೆ ಏನಾಗ್ತಿತ್ತು? 1991ರ ಮೇನಲ್ಲಿ ರಾಜೀವ್ ಗಾಂಧಿ ಹತ್ಯೆ ಸುದ್ದಿ ಎಲ್ಲಿ ಕೇಳಿದ್ರು, ಆಗಸ್ಟ್‌ನಲ್ಲಿ ಆ ಹತ್ಯೆ ಮಾಡಿಸಿದ ಎಲ್‌ಟಿಟಿಇಯ ಶಿವರಾಸನ್ ಗುಂಪು ನಮ್ಮ ಬೆಂಗಳೂರಿನ ಕೋಣನಕುಂಟೆ ಮನೇಲೇ ಸತ್ತಾಗ ಏನ್ ಅನ್ಕೊಂಡ್ರು?

ಇಷ್ಟೇ ಮುಖ್ಯವಾಗಿ ಅವರ ಹೆಂಡ್ತೀನ ಕೇಳಿ, ಬೇರೆ ದಿನ, ಗಂಡ ಪಕ್ಕದಲ್ಲಿ ಇಲ್ದಾಗ. ನಮ್ಮ ದೊಡ್ಡಮ್ಮ ಹೇಳಿದ್ದು ದೊಡ್ಡಪ್ಪನಿಗೇ ಗೊತ್ತಿರ್ಲಿಲ್ಲ, ಆಕಾಶವಾಣಿ ವಾರ್ತೆ ಟೈಮಿಗೆ ರೇಡಿಯೋ ಇದ್ದ ಮನೆ ಜಗಲಿ ಮೇಲೆ ಹೋಗಿ ಕೂರ್ತಿದ್ದಿದ್ದು, ಪೋಸ್ಟ್‌ಮ್ಯಾನ್ ಸೈಕಲ್ ಬೀದಿಗೆ ಬಂದ್ರೆ ಇನ್‌ಲ್ಯಾಂಡೋ ಟೆಲಿಗ್ರಾಮೋ ಅಂತ ಅವನ ಮುಖ ನೋಡಿ ತಿಳ್ಕೊಳ್ಳೋಕೆ ಬಾಗ್ಲಲ್ಲಿ ನಿಲ್ತಿದ್ದಿದ್ದು, ಕಾಗದದಲ್ಲಿ "ನಾನು ಕ್ಷೇಮ" ಅಂತ ಬರೆದಿರೋ ತಾರೀಕಿಗೂ ಅದು ಕೈಗೆ ಬಂದ ತಾರೀಕಿಗೂ ಮಧ್ಯದ ದಿನಗಳನ್ನ ಬೆರಳಲ್ಲಿ ಎಣಿಸ್ತಿದ್ದಿದ್ದು.

ಬರೆಯೋದು ಹೇಗೆ ಅಂದ್ರೆ, ರೆಕಾರ್ಡಿಂಗ್ ಹಾಕ್ಕೊಂಡು ಅವರು ಮಾತಾಡಿದಂಗೇ ಬರೀರಿ. ಫೌಜಿ ಕನ್ನಡದಲ್ಲಿ ಹಿಂದಿ ಇಂಗ್ಲಿಷ್ ಎಲ್ಲಾ ಕಲೆತಿರುತ್ತೆ, ಮೋರ್ಚಾ, ಪಲ್ಟನ್, ಫಾಲ್ ಇನ್, ಸ್ಟ್ಯಾಂಡ್ ಟು, ಅದನ್ನ ಗ್ರಾಂಥಿಕ ಕನ್ನಡಕ್ಕೆ ತಿದ್ದಿದ್ರೆ ಅವರ ದನಿ ಹೋಗುತ್ತೆ, ಕೊನೇಲಿ ಒಂದು ಪಟ್ಟಿ ಮಾಡಿ ಅರ್ಥ ಕೊಡಿ ಸಾಕು. ನಿಮ್ಮ ಪ್ರಶ್ನೆಗಳನ್ನೂ ಬರೀರಿ. ಸತ್ತ ಜೊತೆಗಾರರ ಹೆಸರು ಹೇಳಿದ್ರೆ ಸ್ಪೆಲ್ಲಿಂಗ್ ಕೇಳಿಕೊಳ್ಳಿ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆ ಮೇಲೆ ಹುತಾತ್ಮರ ಹೆಸರುಗಳಿವೆ, ಕೊಲಂಬೊ ಹತ್ರ ಬತ್ತರಮುಲ್ಲದಲ್ಲೂ ಐಪಿಕೆಎಫ್ ಸ್ಮಾರಕ ಇದೆ, ಹೋದೋರು ಯಾರಾದ್ರೂ ಇದ್ರೆ ಆ ಹೆಸರಿನ ಫೋಟೋ ತರಿಸಿ ತೋರಿಸಿ, ಬೇರೆ ಯಾವ ಉಡುಗೊರೇನೂ ಬೇಡ ಅವರಿಗೆ.

ಪೂರ್ತಿ ಬರೆದಾದ್ಮೇಲೆ ಅವರ ಮುಂದೆ ಕೂತು ಗಟ್ಟಿಯಾಗಿ ಓದಿ ಹೇಳಿ. ಎಲ್ಲಿ ತೆಗೀ ಅಂತಾರೋ ಊರಿಗೆ ಕೊಡೋ ಕಾಪಿಯಿಂದ ತೆಗೀರಿ, ಮನೇಲಿಡೋ ಕಾಪಿಯಲ್ಲಿ ಇರ್ಲಾ ಬೇಡ್ವಾ ಅಂತ ಬೇರೆಯಾಗಿ ಕೇಳಿ. ಬದುಕಿರೋ ಬೇರೆ ಫೌಜಿಗಳ ಬಗ್ಗೆ ಏನಾದ್ರೂ ಇದ್ರೆ ಅವರ ಹೆಸರು ಮುಚ್ಚಿ. ಆಡಿಯೋ ತುಣುಕನ್ನ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕ್ಬೇಡಿ, ಅದು ಎಲ್ಲಿಗೆ ಹೋಗುತ್ತೋ ಯಾರಿಗೂ ಗೊತ್ತಿಲ್ಲ. ಫೈಲ್ ಹೆಸರಲ್ಲಿ ಅವರ ಹೆಸರು, ಯೂನಿಟ್, ರೆಕಾರ್ಡ್ ಮಾಡಿದ ತಾರೀಕು ಇರ್ಲಿ, ಒಂದು ಕಾಪಿ ಪೆನ್‌ಡ್ರೈವ್, ಒಂದು ಗೂಗಲ್ ಡ್ರೈವ್, ಒಂದು ಪ್ರಿಂಟ್ ತೆಗೆಸಿ ಬೈಂಡ್ ಮಾಡಿಸಿ ಅದೇ ಕರೀ ಟ್ರಂಕಲ್ಲಿ, ಡಿಸ್ಚಾರ್ಜ್ ಬುಕ್ ಪಕ್ಕ ಇಡಿ.